ಅಂಗಡಿಯಲ್ಲಿ ಹರಿತ, ಮನೆಯಲ್ಲಿ ಮೊಂಡು

ಜುಲೈ 8, ಸೋಮವಾರ

ವೈವಾದಲ್ಲಿ ಮತ್ತೆ ಬಾಯಿಗೆ ಬೀಗ. ಲ್ಯಾಬ್ ಮೇಡಂ ಕೇಳಿದ್ದು ಸುಲಭದ ಪ್ರಶ್ನೆ: ಸ್ಕ್ರೂ ಗೇಜಿನ ತಲೆಯನ್ನು ಒಂದು ಸುತ್ತು ತಿರುಗಿಸಿದರೆ ತಿರುಪು ಎಷ್ಟು ಮುಂದೆ ಹೋಗುತ್ತದೆ? ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಬಾಯಿಂದ ಬಂದದ್ದು "ಸಾರಿ ಮೇಡಂ". ಅವರು ಇನ್ನೊಂದು ಕೇಳಿದರು, ಅದಕ್ಕೂ ಸಾರಿ. ಆಮೇಲೆ ನನ್ನನ್ನು ಬಿಟ್ಟು ಪಕ್ಕದವಳ ಕಡೆ ತಿರುಗಿದರು. ಹಾಸ್ಟೆಲ್ಲಿನಲ್ಲಿ ವಾರ್ಡನ್ ಮುಂದೆ ನಿಂತು ನಿಂತು ಸಾರಿ ಅನ್ನುವುದು ನನಗೆ ಉಸಿರಾಟದ ಹಾಗೆ ಆಗಿಹೋಗಿದೆ. ಸೆಮಿಸ್ಟರ್ ಕೊನೆಗೆ ಇದೇ ಮೇಡಂ ಎದುರು ದೊಡ್ಡ ವೈವಾ ಇದೆ.

ಬರೆದರೆ ಟೆನ್ಷನ್ ಕಡಿಮೆಯಾಗುತ್ತದಂತೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೂ ಕಡಿಮೆಯಾಗಿಲ್ಲ.

ಮನೆಗೆ ಬಂದರೆ ಇಲ್ಲಿ ಬೇರೆಯೇ ರಾದ್ಧಾಂತ. ಮನೆ ಅಂತ ಬರೆದೆನಲ್ಲ, ದೊಡ್ಡಮ್ಮನ ಮನೆ ಅನ್ನಬೇಕು. ಅಪ್ಪ ಅಮ್ಮನದು ಸೇತುವೆ ಕಟ್ಟುವ ಕೆಲಸ, ಒಂದು ಮುಗಿದರೆ ಇನ್ನೊಂದು ಊರು, ಹಾಗಾಗಿ ನಾನು ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್. ಈಗ ಸೀಟು ಸಿಕ್ಕಿದ್ದು ಇಲ್ಲಿ, ಅದಕ್ಕೇ ದೊಡ್ಡಮ್ಮನ ಮನೆಯ ಹಿಂದಿನ ಕೋಣೆ. ಬಂದ ದಿನವೇ ನನ್ನ ಬಕೆಟ್ಟು, ಮಗ್ಗು, ತಟ್ಟೆ, ಹ್ಯಾಂಗರ್ ಎಲ್ಲದರ ಮೇಲೂ ಪರ್ಮನೆಂಟ್ ಮಾರ್ಕರಿನಿಂದ ಹೆಸರು ಬರೆದಿಟ್ಟೆ. ದೊಡ್ಡಪ್ಪ ನೋಡಿ, "ಬಕೆಟ್ ಓಡಿಹೋದ್ರೆ ಪೊಲೀಸರಿಗೆ ಗುರುತು ಸಿಗಲಿ ಅಂತಾನಾ?" ಎಂದರು. ಅಂದಿನಿಂದ ಅವರ ಬಾಯಲ್ಲಿ ನಾನು "ಹಾಸ್ಟೆಲ್ಲು". ನಾನು ಸಾರಿ ಅಂದೆ. ಯಾಕೆ ಅಂತ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ರಾದ್ಧಾಂತ ಏನೆಂದರೆ, ದೊಡ್ಡಮ್ಮನ ಕತ್ತರಿ ಮೊಂಡಾಗಿದೆ. ದೊಡ್ಡಮ್ಮ ಟೈಲರ್. ಮುಂದಿನ ಕೋಣೆಯಲ್ಲಿ ಮೆಷಿನ್ನು, ಅದರ ಹಿಂದಿನ ಸಣ್ಣ ಕೋಣೆಯಲ್ಲಿ ಕಟಿಂಗ್ ಟೇಬಲ್ಲು. ಕಟಿಂಗ್ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಾರೆ, ಯಾರಾದರೂ ನೋಡುತ್ತಿದ್ದರೆ ಗಮನ ತಪ್ಪುತ್ತದಂತೆ. ಕತ್ತರಿ ನನ್ನ ಮೊಣಕೈಯಿಂದ ಬೆರಳಿನ ತುದಿಯವರೆಗೆ ಬರುವಷ್ಟು ದೊಡ್ಡದು, ಕಪ್ಪು ಹಿಡಿ. ಅದರಲ್ಲಿ ಕಾಗದ ಕತ್ತರಿಸಿದವರಿಗೆ ಆ ದಿನ ಊಟವಿಲ್ಲ ಎಂಬುದು ಈ ಮನೆಯ ಕಾನೂನು. ಬ್ಯಾಂಡ್ ಮಾಸ್ಟರ್ ತಮ್ಮ ತಂಡಕ್ಕೆಲ್ಲ ಕೋಟು ಹೊಲಿಯಲು ದಪ್ಪನೆಯ ಕೆಂಪು ಬಟ್ಟೆ ತಂದು ಕೊಟ್ಟಿದ್ದಾರೆ, ದೊಡ್ಡಮ್ಮ ಇನ್ನೂ ಒಂದು ಕೋಟನ್ನೂ ಕತ್ತರಿಸಿಲ್ಲ.

ನನಗೆ ಒಂದು ಡೌಟು. ಕಬ್ಬಿಣ ಅಲ್ಲೇ ಇದೆ. ಕತ್ತರಿ ಸಣ್ಣದಾಗಿಲ್ಲ. ಹಾಗಾದರೆ ಹರಿತ ಎಲ್ಲಿಗೆ ಹೋಗುತ್ತದೆ? ಮೇಡಂಗೆ ಕೇಳುವ ಪ್ರಶ್ನೆ. ಕೇಳುವವಳು ನಾನಲ್ಲ.

ಜುಲೈ 10, ಬುಧವಾರ

ದೊಡ್ಡಪ್ಪನಿಗೆ ಬಸ್ ಡಿಪೋದಲ್ಲಿ ಕೆಲಸ. ಯಾವ ಬಸ್ಸು ಹೊರಡುತ್ತಿದೆ ಎಂದು ಮೈಕಿನಲ್ಲಿ ಕೂಗುವುದು. ಮನೆಯಲ್ಲೂ ಅದೇ ದನಿ. ಕತ್ತರಿ ಚೂಪು ಮಾಡುವುದು ಬಹಳ ಸುಲಭ, ಅಂಗಡಿಗೆ ಯಾಕೆ ದುಡ್ಡು ಸುರಿಯಬೇಕು ಎಂದು ಘೋಷಣೆ ಮಾಡಿದರು. ಅಲ್ಯೂಮಿನಿಯಂ ಫಾಯಿಲ್ ಮಡಚಿ ಕತ್ತರಿಸಬೇಕಂತೆ. ಅವರ ಸಹೋದ್ಯೋಗಿಯೊಬ್ಬರು ಸ್ಯಾಂಡ್ ಪೇಪರ್ ಕತ್ತರಿಸುತ್ತಾರಂತೆ. ಇನ್ನೊಬ್ಬರು ಗಾಜಿನ ಬಾಟಲಿಯ ಕುತ್ತಿಗೆಯನ್ನೇ ಕತ್ತರಿಸುವವರ ಹಾಗೆ ಕತ್ತರಿ ಎಳೆಯುತ್ತಾರಂತೆ.

ದೊಡ್ಡಮ್ಮ ದೊಡ್ಡ ಕತ್ತರಿ ಮುಟ್ಟಲು ಬಿಡಲಿಲ್ಲ. ಅಡುಗೆಮನೆಯ ಹಾಲಿನ ಪ್ಯಾಕೆಟ್ ಕತ್ತರಿ ಕೊಟ್ಟರು. ನಾನು ಮೂರನ್ನೂ ಟ್ರೈ ಮಾಡಿದೆ.

ಫಾಯಿಲ್: ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಬಹುಶಃ ಅಂಟಿದ್ದ ಕೊಳೆ ಹೋಗಿದ್ದಷ್ಟೇ.

ಸ್ಯಾಂಡ್ ಪೇಪರ್: ಕರಕರ ಸದ್ದು, ಬಹಳ ತೃಪ್ತಿ. ಕಾಗದ ಸರ್ರನೆ ಕಟ್ ಆಯಿತು. ಆದರೆ ಬಟ್ಟೆಗೆ ಹಾಕಿದರೆ ನೂಲು ಸಿಕ್ಕಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ನೋಡಿದೆ, ಅಂಚಿನಲ್ಲಿ ಗೀರುಗಳು ಎದ್ದಿವೆ. ಹರಿತ ಆದಂತೆ ಅನ್ನಿಸುವುದು ಆ ಗೀರುಗಳು ಸಣ್ಣ ಹಲ್ಲಿನ ಹಾಗೆ ಕಚ್ಚುವುದರಿಂದ ಇರಬಹುದು.

ಬಾಟಲಿ: ಸದ್ದು ಕೇಳಲಾರದೆ ದೊಡ್ಡಪ್ಪ ಎದ್ದು ಹೊರಗೆ ಹೋದರು. ತಮ್ಮದೇ ಐಡಿಯಾ.

ಸಂಜೆ ದೊಡ್ಡಮ್ಮ ನನ್ನ ಹಿಂದಿನಿಂದ ಬಂದು ಮೇಜಿನ ಮೇಲೆ ಟೀ ಇಟ್ಟರು. ಕಪ್ಪಿನ ಕಿವಿ ಈಚೆಗೆ ಯಾವಾಗಲೂ ನನ್ನ ಎಡಕ್ಕೇ ಬರುತ್ತದೆ. ತಿರುಗಿಸಿಕೊಂಡು ಕುಡಿಯುತ್ತೇನೆ. ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಪ್ಲಾಸ್ಟರ್ ಇದೆ. ಸೂಜಿ ಚುಚ್ಚಿತಾ ಅಂತ ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಜುಲೈ 13, ಶನಿವಾರ

ಕಟಿಂಗ್ ರೂಮಿನ ಬಾಗಿಲು ಧಡಾರನೆ ತೆರೆದುಕೊಂಡಿತು. ದೊಡ್ಡಮ್ಮ ಒಂದು ಕೆಂಪು ತುಂಡು ತಂದು ಊಟದ ಮೇಜಿನ ಮೇಲೆ ಹಾಕಿದರು. ತೋಳಿನ ತುಂಡು. ಅಂಚೆಲ್ಲ ಇಲಿ ಜಗಿದ ಹಾಗೆ. ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಎರಡು ಅಲಗಿನ ನಡುವೆ ಮಡಚಿ ಮಲಗಿಸುತ್ತದೆ, ಬ್ಯಾಂಡ್ ಮಾಸ್ಟರಿಗೆ ಬಟ್ಟೆ ವಾಪಸ್ ತೆಗೆದುಕೊಂಡು ಹೋಗಲು ಹೇಳುತ್ತೇನೆ ಎಂದರು. ಅಷ್ಟೇ ಅಲ್ಲ, ಇನ್ನು ಕಟಿಂಗೇ ಬೇಡ, ಗುಂಡಿ ಹಾಕುವುದು, ಅಂಚು ಮಡಚುವುದು, ಅಷ್ಟು ಮಾಡಿಕೊಂಡು ಇರುತ್ತೇನೆ ಎಂದರು.

ದೊಡ್ಡಪ್ಪ ತಮಾಷೆ ಮಾಡಲಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಹೊಸ ಕತ್ತರಿ ತಂದರಾಯಿತಲ್ಲ ಅಂತ ಮೆಲ್ಲಗೆ ಹೇಳಿದರು.

"ಹೊಸದು ತಂದ್ರೂ ಅಷ್ಟೇರೀ," ಅಂದರು ದೊಡ್ಡಮ್ಮ.

ಹೊಸದು ಹೇಗೆ ಮೊಂಡಾಗಿರುತ್ತದೆ? ಲಾಜಿಕ್ ಇಲ್ಲ. ಆದರೆ ದೊಡ್ಡಮ್ಮ ಲಾಜಿಕ್ ಇಲ್ಲದೆ ಮಾತಾಡುವವರಲ್ಲ. ಒಂದು ಇಂಚಿನ ಲೆಕ್ಕ ತಪ್ಪಿದರೆ ಇಡೀ ಬ್ಲೌಸ್ ಬಿಚ್ಚುತ್ತಾರೆ.

ಆಮೇಲೆ ನನಗೆ ಏನಾಯಿತೋ, "ನಾನು ಸಾಣೆ ಹಿಡಿದು ಕೊಡ್ಲಾ ದೊಡ್ಡಮ್ಮ? ಸರಿಯಾಗಿ ಓದ್ಕೊಂಡು ಮಾಡ್ತೀನಿ" ಅಂದೆ. ಹೇಳಿದ ಮೇಲೆ ಗಾಬರಿಯಾಯಿತು. ಅವರು ನನ್ನನ್ನೇ ನೋಡಿದರು, ಆಮೇಲೆ ಕತ್ತರಿಯನ್ನು. "ಎಷ್ಟು ಹರಿತ ಆಗುತ್ತೋ ಅಷ್ಟೂ ಮಾಡು ಮರಿ," ಎಂದರು.

ಜುಲೈ 14, ಭಾನುವಾರ

ಇಡೀ ದಿನ ಕತ್ತರಿ. ಪುಸ್ತಕ ಮುಟ್ಟಿಲ್ಲ.

ಹಾರ್ಡ್‌ವೇರ್ ಅಂಗಡಿಯಿಂದ ಸಾಣೆಕಲ್ಲು ತಂದೆ. ಒಂದು ಬದಿ ಒರಟು, ಇನ್ನೊಂದು ನಯ. ನಡುವಿನ ತಿರುಪು ಬಿಚ್ಚಿದಾಗ ಕತ್ತರಿ ಎರಡು ಚಾಕುಗಳಾಗಿ ಬೇರೆ ಬೇರೆ ಮಲಗಿತು. ಗೊತ್ತಾದದ್ದು ಇದು: ಪ್ರತಿ ಅಲಗಿಗೂ ಹೊರಗಡೆ ಒಂದು ಸಣ್ಣ ಇಳಿಜಾರು ಇರುತ್ತದೆ, ಅದನ್ನು ಮಾತ್ರ ಉಜ್ಜಬೇಕು. ಒಳಮೈಯನ್ನು ಮುಟ್ಟಬಾರದು. ಒಳಮೈ ನೋಡಲು ಚಪ್ಪಟೆ, ಬೆರಳು ಹಾಕಿದರೆ ತುಸು ತಗ್ಗು. ಆ ತಗ್ಗು ಇರುವುದರಿಂದಲೇ ಎರಡು ಅಲಗು ಸೇರುವಾಗ ಪೂರ್ತಿ ಮೈ ಉಜ್ಜದೆ, ಯಾವುದೋ ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತವೆ. ಆ ಬಿಂದು ಬುಡದಿಂದ ತುದಿಗೆ ಓಡುತ್ತದೆ. ಕತ್ತರಿಸುವುದು ಅಂದರೆ ಅಷ್ಟೇ, ಒಂದು ಬಿಂದುವಿನ ಓಟ. ಇದನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಇಳಿಜಾರನ್ನು ಸರಿಯಾದ ಕೋನದಲ್ಲಿ ಉಜ್ಜುತ್ತಿದ್ದೇನಾ ಅಂತ ಗೊತ್ತಾಗಲು ಒಂದು ಉಪಾಯ ಸಿಕ್ಕಿತು. ಅದರ ಮೇಲೆಲ್ಲ ಮಾರ್ಕರ್ ಬಳಿಯುವುದು. ಕಲ್ಲಿಗೆ ಎಳೆದಾಗ ಮಸಿ ಎಲ್ಲಾ ಕಡೆ ಒಂದೇ ಸಮ ಹೋದರೆ ಕೋನ ಸರಿ. ಮೇಲಷ್ಟೇ ಹೋದರೆ ಕೈ ಮಲಗಿದೆ, ಅಂಚಿನಲ್ಲಷ್ಟೇ ಹೋದರೆ ಕೈ ಎದ್ದಿದೆ. ಬಳಿದೆ, ಎಳೆದೆ, ನೋಡಿದೆ, ಮತ್ತೆ ಬಳಿದೆ. ಸೊಂಟ ಹಿಡಿದುಕೊಂಡದ್ದು ಆಮೇಲೆ ಗೊತ್ತಾಯಿತು.

ಜೋಡಿಸಿ ಒಂದು ಚಿಂದಿ ಕತ್ತರಿಸಿದೆ. ಬೆಣ್ಣೆ. ತುದಿಯವರೆಗೂ ಬೆಣ್ಣೆ. ಓಡಿಹೋಗಿ ದೊಡ್ಡಮ್ಮನಿಗೆ ಕೊಟ್ಟೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ರಿಸಲ್ಟಿಗೆ ಕಾದವರ ಹಾಗೆ ನಿಂತಿದ್ದೆ.

ಹೊರಗೆ ಬಂದು ತಲೆಯಾಡಿಸಿದರು. "ಚೆನ್ನಾಗಿ ಮಾಡಿದೀಯ. ಆದ್ರೂ ಮಡಚ್ತಾನೇ ಇದೆ."

ಸಾರಿ ಅಂದೆ.

ಜುಲೈ 17, ಬುಧವಾರ

ಸರಿ, ಮನೆಯ ಕೆಲಸ ಮನೆಯ ಕೆಲಸವೇ. ವೃತ್ತಿಯವರ ಹತ್ತಿರ ಹೋಗಬೇಕು ಅಂತ ತೀರ್ಮಾನವಾಯಿತು. ದೊಡ್ಡಪ್ಪ ಸಾಣೆ ಅಂಗಡಿಯ ಗುರುತು ಹೇಳಿದರು: ಡಿಪೋ ಹಿಂದಿನ ಓಣಿ, ಚಪ್ಪಲಿ ರಿಪೇರಿಯ ಪಕ್ಕ.

ಅಂಗಡಿ ಒಂದು ಬೀರುವಿನಷ್ಟು ಅಗಲ. ಗೋಡೆ ತುಂಬ ಬೀಗದ ಕೈಗಳು, ಕೆಳಗೆ ಮಿಕ್ಸಿ ಬ್ಲೇಡು, ಹುಲ್ಲು ಕತ್ತರಿಸುವ ಯಂತ್ರದ ಹಲ್ಲು, ನಡುವೆ ಮೋಟಾರು ಕಲ್ಲು. ಅದರ ಹಿಂದೆ ಕನ್ನಡಕ ಹಾಕಿದ ದಪ್ಪನೆಯ ಹೆಂಗಸು. ಎಲ್ಲರೂ ಸಾಣೆಯಕ್ಕ ಅನ್ನುತ್ತಾರೆ. ಪೊಟ್ಟಣ ಬಿಚ್ಚಿದ ತಕ್ಷಣ, "ಮನೇಲಿ ಉಜ್ಜಿದ್ದು ಯಾರು?" ಅಂದರು.

ಸಾರಿ ಬಾಯಿಗೆ ಬಂದಿತ್ತು. ಆದರೆ ಅದಕ್ಕಿಂತ ಮುಂಚೆ, ಅವರಿಗೆ ಹೇಗೆ ಗೊತ್ತಾಯಿತು ಅಂತ ತಿಳಿಯಬೇಕಾಗಿತ್ತು. ಕೇಳಿದೆ. ಇಳಿಜಾರಿನ ಒಂದು ಕಡೆ ಇನ್ನೂ ಕಪ್ಪು ಮಸಿ ಉಳಿದಿತ್ತು, ಅದನ್ನು ಉಗುರಿನಲ್ಲಿ ತೋರಿಸಿದರು. ಆಮೇಲೆ ಮನೆಯಲ್ಲಿ ಉಜ್ಜುವವರ ಮೇಲೆ ದೊಡ್ಡ ಭಾಷಣ. ಬಾಟಲಿಗೆ ಉಜ್ಜಿ ತರುವವರು, ಕಲ್ಲು ಚಪ್ಪಡಿಗೆ ಉಜ್ಜಿ ತರುವವರು. ಒಬ್ಬಾತ ಹಜಾಮತಿ ಕತ್ತರಿಯ ಒಳಮೈಯನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ತಂದಿದ್ದನಂತೆ, ಅದಕ್ಕೆ ಮೋಕ್ಷ ಕೊಡುವುದೊಂದೇ ಬಾಕಿ. ನನ್ನದನ್ನು ಪಾಸ್ ಮಾಡಿದರು, ಜಸ್ಟ್ ಪಾಸ್.

ನಾನು ಕೇಳುತ್ತಾ ಹೋದೆ. ಕಲ್ಲಿಗೆ ನೀರು ಯಾಕೆ, ಬಿಸಿಯಾದರೆ ಅಂಚು ಮೆತ್ತಗಾಗುತ್ತದಾ, ಕಿಡಿ ಅಂದರೆ ಕಬ್ಬಿಣವೇ ಹಾರುವುದಾ. ಕೊನೆಗೆ ನನ್ನ ಹಳೆಯ ಡೌಟು: ಹರಿತ ಎಲ್ಲಿಗೆ ಹೋಗುತ್ತದೆ? ಸಾಣೆಯಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅದು ಎಲ್ಲಿಗಾದ್ರೂ ಹೋಗ್ಲಿ, ಇಲ್ಲಿಗೆ ಬರುತ್ತಲ್ಲ, ನನಗಷ್ಟು ಸಾಕು."

ಕತ್ತರಿ ಅಲ್ಲೇ ಬಿಟ್ಟು ಬಂದೆ. ಮೇಲೆ ಹೆಸರು ಬರೆದಿರಲಿಲ್ಲ ಅಂತ ದಾರಿಯಲ್ಲಿ ನೆನಪಾಯಿತು.

ಜುಲೈ 20, ಶನಿವಾರ

ತಲೆ ಕೆಟ್ಟಿದೆ. ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಕತ್ತರಿ ತಂದೆ. ಸಾಣೆಯಕ್ಕ ನನ್ನೆದುರಿಗೇ ಒದ್ದೆ ಬಟ್ಟೆ ಕತ್ತರಿಸಿ ತೋರಿಸಿದರು. ಒದ್ದೆ ಬಟ್ಟೆ ಬಹಳ ಕಷ್ಟವಂತೆ. ಸದ್ದೇ ಇಲ್ಲದೆ ಕಟ್ ಆಯಿತು. ಮನೆಯಲ್ಲಿ ದೊಡ್ಡಮ್ಮ ಬಾಗಿಲು ಹಾಕಿಕೊಂಡರು, ತೆಗೆದರು, ಮತ್ತೆ ಜಗಿದ ಕೆಂಪು ತುಂಡು. ದೊಡ್ಡಪ್ಪನಿಗೆ ಸಿಟ್ಟು ಬಂತು, ಸಾಣೆ ಅಂಗಡಿಯವರು ಮೋಸ ಮಾಡಿದ್ದಾರೆ ಎಂದರು.

ನಾನು ಅದೇ ಕೆಂಪು ಬಟ್ಟೆಯ ತುಂಡು ಜೇಬಿಗೆ ಹಾಕಿಕೊಂಡು ವಾಪಸ್ ಹೋದೆ. ಹೋಗ್ಲಾ ಅಂತ ಯಾರನ್ನೂ ಕೇಳಲಿಲ್ಲ, ಅಷ್ಟು ಅವಸರ. ಸಾಣೆಯಕ್ಕ ಆ ತುಂಡನ್ನೂ ಸರ್ರನೆ ಕತ್ತರಿಸಿದರು. ಎರಡು ಮಡಿಕೆ, ನಾಲ್ಕು ಮಡಿಕೆ. ನನ್ನ ಕೈಗೂ ಕೊಟ್ಟರು. ಬೆಣ್ಣೆ. ನಿಮ್ಮ ಮನೆಯ ಗಾಳಿ ಸರಿಯಿಲ್ಲ, ಮೇಜು ತಗ್ಗಾಗಿರಬೇಕು, ಬಟ್ಟೆ ಒದ್ದೆ ಇರಬೇಕು ಅಂತ ಒಂದರ ಮೇಲೊಂದು ಕಾರಣ ಕೊಟ್ಟರು. ತಮ್ಮ ಕೆಲಸ ಬಿಟ್ಟು ಉಳಿದೆಲ್ಲದರ ಮೇಲೂ ಅವರಿಗೆ ಅನುಮಾನ.

ಅಂಗಡಿಯಲ್ಲಿ ಹರಿತ, ಮನೆಯಲ್ಲಿ ಮೊಂಡು. ಇದು ಹೇಗೆ?

ಮಧ್ಯಾಹ್ನ ದೊಡ್ಡಮ್ಮ ಗುಂಡಿ ತರಲು ಹೋದಾಗ ಕಟಿಂಗ್ ರೂಮಿಗೆ ಹೋದೆ. ಅದೇ ಮೇಜು, ಅದೇ ಬಟ್ಟೆ, ಅದೇ ಗಾಳಿ. ಕತ್ತರಿಸಿದೆ. ಬೆಣ್ಣೆ.

ಲ್ಯಾಬಿನಲ್ಲಿ ಹೇಳುತ್ತಾರೆ, ಉಳಿದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಿ ಅಂತ. ಮೇಜು ಅಲ್ಲ, ಬಟ್ಟೆ ಅಲ್ಲ, ಗಾಳಿ ಅಲ್ಲ, ಕತ್ತರಿ ಅಲ್ಲ. ಉಳಿದದ್ದು ದೊಡ್ಡಮ್ಮ. ಬೇಕೆಂದೇ ಜಗಿಸುತ್ತಾರಾ? ಯಾಕೆ? ಕೆಲಸ ಬಿಡಲು ಒಂದು ನೆಪ ಬೇಕಾಗಿದೆಯಾ? ನಾನು ಬಂದಮೇಲೆ ಶುರುವಾಗಿದ್ದಾ ಇದು? ಹಾಸ್ಟೆಲ್ಲಿನಲ್ಲಾದರೆ ಇಂಥದಕ್ಕೆಲ್ಲ ಕಾರಣ ನಾನೇ ಅಂತ ಒಪ್ಪಿಕೊಂಡು ಮಲಗುತ್ತಿದ್ದೆ. ಇದು ಒಪ್ಪಿಕೊಂಡರೆ ಬಗೆಹರಿಯುವ ಪ್ರಶ್ನೆ ಅಲ್ಲ.

ಜುಲೈ 22, ಸೋಮವಾರ

ಲ್ಯಾಬ್ ಇತ್ತು. ಮೇಡಂ ಸನ್ನೆಕೋಲಿನ ಬಗ್ಗೆ ಏನೋ ಕೇಳಿದರು. ನಾನು ಕತ್ತರಿಯ ಲೆಕ್ಕದಲ್ಲೇ ಉತ್ತರ ಹೇಳಿ, ಕತ್ತರಿಯ ಅಂಚು ಸವೆದಾಗ ಆ ಕಬ್ಬಿಣ ಎಲ್ಲಿಗೆ ಹೋಗುತ್ತದೆ ಮೇಡಂ ಅಂತ ಕೇಳಿದೆ. ಪೂರ್ತಿ ಎಲ್ಲಿಗೂ ಹೋಗುವುದಿಲ್ಲವಂತೆ. ಸ್ವಲ್ಪ ಸವೆಯುತ್ತದೆ, ಸ್ವಲ್ಪ ಅಂಚು ಮಗ್ಗುಲಿಗೆ ಬಾಗಿ ಮಡಚಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡೋಣ, ಒಂದು ಹಳೆಯ ಕತ್ತರಿ ತಾ ಎಂದರು. ಹಾಲಿನ ಪ್ಯಾಕೆಟ್ ಕತ್ತರಿ ತೆಗೆದುಕೊಂಡು ಹೋಗಬೇಕು.

ಸಂಜೆ ದೊಡ್ಡ ಕತ್ತರಿಯನ್ನು ಒರೆಸುವಾಗ ಬಲಗೈಯ ತೋರುಬೆರಳು ಕುಯ್ದುಕೊಂಡಿತು. ಸಾಣೆಯಕ್ಕನ ಕೆಲಸ ಚೆನ್ನಾಗಿದೆ ಅನ್ನುವುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ದೊಡ್ಡಪ್ಪ ಬ್ಯಾಂಡೇಜು ಸುತ್ತಿದರು. ಬೆರಳು ಈಗ ಬಾಳೆಕಾಯಿಯಷ್ಟಾಗಿದೆ.

ಜುಲೈ 23, ಮಂಗಳವಾರ

ಗೊತ್ತಾಯಿತು.

ಬ್ಯಾಂಡೇಜು ಬದಲಿಸಬೇಕಿತ್ತು. ಬಲಗೈಯಲ್ಲಿ ಹಿಡಿಯಲಾಗದೆ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡೆ. ಬ್ಯಾಂಡೇಜು ಬಟ್ಟೆ ಕಟ್ ಆಗಲಿಲ್ಲ. ಎರಡು ಅಲಗಿನ ನಡುವೆ ಮಡಚಿ ಮಲಗಿತು. ನಿನ್ನೆ ನನ್ನ ಬೆರಳನ್ನೇ ಕುಯ್ದ ಕತ್ತರಿ.

ಮತ್ತೆ ಮತ್ತೆ ಮಾಡಿ ನೋಡಿದೆ. ಅಲಗು ಎಷ್ಟೇ ಹರಿತವಾಗಿರಲಿ, ಎರಡೂ ಒಂದಕ್ಕೊಂದು ಒತ್ತಿಕೊಂಡರೆ ಮಾತ್ರ ಬಟ್ಟೆ ತುಂಡಾಗುತ್ತದೆ. ಬಲಗೈಯಲ್ಲಿ ಮುಚ್ಚುವಾಗ ಹೆಬ್ಬೆರಳು ತನಗೇ ತಿಳಿಯದೆ ಹಿಡಿಯನ್ನು ಆಚೆಗೆ ತಳ್ಳುತ್ತದೆ, ಉಳಿದ ಬೆರಳುಗಳು ಈಚೆಗೆ ಎಳೆಯುತ್ತವೆ, ಆ ತಳ್ಳಾಟದಲ್ಲಿ ಅಲಗುಗಳು ಅಂಟಿಕೊಳ್ಳುತ್ತವೆ. ಎಡಗೈಗೆ ಕೊಟ್ಟರೆ ಅದೇ ತಳ್ಳಾಟ ಉಲ್ಟಾ ಆಗಿ ಅಲಗುಗಳನ್ನು ದೂರ ಮಾಡುತ್ತದೆ. ನಡುವೆ ಕಾಣದಷ್ಟು ಸಂದು. ಅದರಲ್ಲಿ ಬಟ್ಟೆ ಹೋಗಿ ಮಲಗುತ್ತದೆ. ಹಿಡಿಯೂ ಬಲ ಹೆಬ್ಬೆರಳಿಗೆ ತಕ್ಕ ಹಾಗೆ ಬಾಗಿದೆ. ಎಡ ಹೆಬ್ಬೆರಳಿನ ಬುಡಕ್ಕೆ ಒತ್ತುತ್ತದೆ, ಚರ್ಮ ಕೆಂಪಗಾಗುತ್ತದೆ.

ಹೆಬ್ಬೆರಳಿನ ಬುಡಕ್ಕೆ. ಪ್ಲಾಸ್ಟರ್.

ಟೀ ಕಪ್ಪಿನ ಕಿವಿ. ಹೊಸದು ತಂದರೂ ಅಷ್ಟೇ ಅಂದದ್ದು. ಬಾಗಿಲು ಹಾಕಿಕೊಳ್ಳುವುದು. ಮೊದಲೆಲ್ಲ ಬೀದಿಯವರ ಜೊತೆ ಹರಟುತ್ತಲೇ ಕಟಿಂಗ್ ಮಾಡುತ್ತಿದ್ದಳು, ಈಗೇನು ಗುಟ್ಟೋ ಅಂತ ದೊಡ್ಡಪ್ಪ ಒಂದು ದಿನ ಗೊಣಗಿದ್ದರು.

ದೊಡ್ಡಮ್ಮ ಎಡಚರಲ್ಲ. ಹಾಗಿದ್ದರೆ ಬಲಗೈಗೆ ಏನಾಗಿದೆ?

ಜುಲೈ 26, ಶುಕ್ರವಾರ

ಎರಡು ದಿನ ಏನು ಮಾಡಬೇಕು ಅಂತ ತಿಳಿಯದೆ ಕಳೆದೆ. ದೊಡ್ಡಪ್ಪನಿಗೆ ಹೇಳಿದರೆ ಮೈಕಿಗೆ ಹೇಳಿದ ಹಾಗೆ. ಅಮ್ಮನಿಗೆ ಫೋನು ಮಾಡಿ ಹೇಳದೆ ಇಟ್ಟೆ.

ಇವತ್ತು ಕಾಲೇಜು ಬೇಗ ಬಿಟ್ಟಿತು. ಕಟಿಂಗ್ ರೂಮಿನ ಬಾಗಿಲು ಹಾಕಿತ್ತು. ತಟ್ಟದೆ ತೆಗೆದು ಒಳಗೆ ಹೋದೆ.

ದೊಡ್ಡಮ್ಮ ಎಡಗೈಯಲ್ಲಿ ಕತ್ತರಿ ಹಿಡಿದು, ಬಲಗೈಯನ್ನು ಬಟ್ಟೆಯ ಮೇಲೆ ತೂಕದ ಕಲ್ಲಿನ ಹಾಗೆ ಇಟ್ಟುಕೊಂಡು ನಿಂತಿದ್ದರು. ನನ್ನನ್ನು ನೋಡಿ ಕತ್ತರಿಯನ್ನು ಬಲಗೈಗೆ ಬದಲಿಸಲು ಹೋದರು. ಅದು ಬೆರಳುಗಳಲ್ಲಿ ನಿಲ್ಲದೆ ಮೇಜಿನ ಮೇಲೆ ಬಿತ್ತು.

ಹೇಳಬೇಕಾದದ್ದನ್ನೆಲ್ಲ ಯೋಚಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಬ್ಯಾಂಡೇಜಿನ ಬೆರಳು ಎತ್ತಿ ತೋರಿಸಿ, ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು, ಒಂದು ಚಿಂದಿಯನ್ನು ಜಗಿಸಿದೆ. "ನನ್ ಕೈಗೂ ಮೊಂಡು ದೊಡ್ಡಮ್ಮ."

ಅವರು ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ ಎಲ್ಲಾ ಹೇಳಿದರು. ಬೇಸಿಗೆಗೂ ಮುಂಚಿನಿಂದ ಬಲಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತವಂತೆ. ಬೆಳಗ್ಗೆ ಏಳುವಾಗ ಕೈ ತಮ್ಮದಲ್ಲ ಅನ್ನಿಸುತ್ತದಂತೆ. ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುವುದಿಲ್ಲ. ಎಡಗೈಯಲ್ಲಿ ಅಭ್ಯಾಸ ಮಾಡಿಕೊಂಡರೆ ಯಾರಿಗೂ ತಿಳಿಯದ ಹಾಗೆ ನಡೆದುಹೋಗುತ್ತದೆ ಅಂದುಕೊಂಡಿದ್ದರು. ಕತ್ತರಿ ಇನ್ನೂ ಇನ್ನೂ ಹರಿತ ಆದರೆ ಎಡಗೈಗೂ ಒಲಿಯಬಹುದು ಅಂತ ಆಸೆ ಇತ್ತಂತೆ. ಅದಕ್ಕೇ ನನ್ನ ಕೈಗೆ ಕೊಟ್ಟದ್ದು, ಅಂಗಡಿಗೆ ಕಳಿಸಿದ್ದು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಕತ್ತರಿ ಮೊಂಡು ಅಂದ್ರೆ ಅಂಗಡಿಗೆ ಕಳಿಸ್ತಾರೆ ಮರಿ. ಕೈ ಮೊಂಡು ಅಂದ್ರೆ ಎಲ್ಲಿಗೆ ಕಳಿಸ್ತಾರೆ?"

"ಡಾಕ್ಟರ್ ಹತ್ರ."

"ಅವರು ಕೆಲಸ ಬಿಡಿ ಅಂದ್ರೆ?"

"ಅಂದಿಲ್ವಲ್ಲ ಇನ್ನೂ. ಕೇಳಿದ್ರೆ ತಾನೇ ಗೊತ್ತಾಗೋದು?"

ಅವರು ನಕ್ಕರು, ಅಥವಾ ಹಾಗೆ ಕಂಡಿತು. ನೀನು ಯಾವಾಗಿಂದ ಎಲ್ಲಾದನ್ನೂ ಕೇಳೋಕೆ ಶುರು ಮಾಡಿದೆ ಎಂದರು.

ಆಮೇಲೆ ನಾನು ಕಂಡುಹಿಡಿದದ್ದನ್ನು ತೋರಿಸಿದೆ. ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳನ್ನು ತಳ್ಳಬಾರದು, ಬೇಕೆಂದೇ ಅಂಗೈ ಕಡೆಗೆ ಎಳೆದುಕೊಳ್ಳಬೇಕು. ಆಗ ಅಲಗುಗಳು ಸೇರುತ್ತವೆ. ಸ್ವಲ್ಪ ದೂರ ಕಟ್ ಆಗುತ್ತದೆ, ಮರೆತ ತಕ್ಷಣ ಮಡಚುತ್ತದೆ. ಚಿಂದಿಯ ಬುಟ್ಟಿ ಮುಗಿಯುವವರೆಗೆ ಸರದಿಯ ಮೇಲೆ ಕತ್ತರಿಸಿದೆವು. ಇಬ್ಬರದೂ ಹಾವು ಹರಿದ ಹಾಗೆ. ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತು, "ಎರಡು ಕೈ ಇಟ್ಕೊಂಡು ಇದೇನ್ ಸರ್ಕಸ್ಸು?" ಅಂದರು. ದೊಡ್ಡಮ್ಮನೇ ಅವರಿಗೆ ಹೇಳಿದರು. ಅವರು ಒಳಗೆ ಬಂದು ಮೇಜಿನ ತುದಿಗೆ ಕೂತರು. ಆಮೇಲೆ ಮೆಲ್ಲನೆ, ತಮ್ಮ ದನಿಯೇ ಅಲ್ಲವೇನೋ ಅನ್ನುವ ಹಾಗೆ, ನನಗಾದರೂ ಹೇಳಬಾರದಿತ್ತಾ ಎಂದರು.

ಜುಲೈ 29, ಸೋಮವಾರ

ಡಾಕ್ಟರು ಮಣಿಕಟ್ಟನ್ನು ತಟ್ಟಿ, ಮಡಚಿ, ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆಯಂತೆ. ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟು ನೋಡೋಣ, ಆಗದಿದ್ದರೆ ಸಣ್ಣ ಆಪರೇಷನ್ ಎಂದರು. ಪೂರ್ತಿ ಮೊದಲಿನ ಹಾಗೆ ಆಗುತ್ತದಾ ಅಂತ ದೊಡ್ಡಮ್ಮ ಕೇಳಿದರು. ಆಗಬಹುದು, ಬಂದದ್ದು ಸ್ವಲ್ಪ ತಡ ಎಂದರು. ಕೆಲಸ ಬಿಡಿ ಅನ್ನಲಿಲ್ಲ. ಬಲಗೈಯಲ್ಲಿ ಕತ್ತರಿ ಬೇಡ ಎಂದರು.

ದಾರಿಯಲ್ಲಿ ಸಾಣೆ ಅಂಗಡಿಗೆ ಹೋದೆವು. ಎಡಗೈಯವರ ಟೈಲರ್ ಕತ್ತರಿ ಸಿಗುತ್ತದಾ ಅಂತ ನಾನು ಕೇಳಿದೆ. ವಿಷಯ ಕೇಳಿ ಸಾಣೆಯಕ್ಕ, ನನಗೆ ಮೊದಲ ದಿನವೇ ಅನುಮಾನ ಬಂದಿತ್ತು ಎಂದರು. ಗಾಳಿ, ಮೇಜು, ಒದ್ದೆ ಬಟ್ಟೆ ಎಲ್ಲಾ ಮರೆತಿದ್ದರು. ಈ ಕತ್ತರಿಯನ್ನೇ ಎಡಗೈಗೆ ಸಾಣೆ ಹಿಡಿಯಬಹುದಾ ಅಂದೆ. ಆಗಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಎರಡು ಅಲಗೂ ಅದಲುಬದಲಾಗಿ ಹುಟ್ಟಬೇಕು ಎಂದರು. ತರಿಸಿಕೊಡುತ್ತಾರಂತೆ.

ಆಗಸ್ಟ್ 3, ಶನಿವಾರ

ಬ್ಯಾಂಡ್ ಮಾಸ್ಟರ್ ಬಂದರು. ಕತ್ತರಿ ಕೆಟ್ಟಿತ್ತು ಅಂತಲೇ ಹೇಳಿಬಿಡು ಅಂತ ದೊಡ್ಡಪ್ಪ ಮೊದಲೇ ಹೇಳಿಕೊಟ್ಟಿದ್ದರು.

ದೊಡ್ಡಮ್ಮ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. "ಕತ್ತರಿ ಚೆನ್ನಾಗಿದೆ ಮಾಸ್ಟ್ರೇ. ನನ್ನ ಕೈ ಸರಿಯಿಲ್ಲ. ಎಡಗೈ ಕಲೀತಾ ಇದೀನಿ, ನಿಧಾನ ಆಗುತ್ತೆ."

ಅವರು ಮೀಸೆ ತೀಡಿದರು. ತಂಡದ ಕಾರ್ಯಕ್ರಮಕ್ಕೆ ದಿನ ಗೊತ್ತಾಗಿದೆ, ಏನು ಮಾಡಲಿ ಎಂದರು. ಕೊನೆಗೆ ಅರ್ಧ ಬಟ್ಟೆ ಬೇರೆ ಟೈಲರಿಗೆ ತೆಗೆದುಕೊಂಡು ಹೋದರು. ಇನ್ನರ್ಧ ಇಲ್ಲೇ. ನಗಾರಿ ಬಾರಿಸುವವನ ಕೋಟು ಮಾತ್ರ ನೀವೇ ಹೊಲಿಯಬೇಕು, ಅವನ ಹೊಟ್ಟೆಯ ಲೆಕ್ಕ ಇನ್ನಾರಿಗೂ ಸಿಗುವುದಿಲ್ಲ ಎಂದರು. ಅವರು ಹೋದಮೇಲೆ ದೊಡ್ಡಮ್ಮ ಖಾಲಿಯಾದ ಅರ್ಧ ಕಪಾಟು ನೋಡುತ್ತಾ ನಿಂತರು. ನಾನು ಟೀ ಮಾಡಿ ಕೊಟ್ಟೆ. ಕಪ್ಪಿನ ಕಿವಿ ಅವರ ಎಡಕ್ಕೆ ಇಟ್ಟು.

ದೊಡ್ಡಪ್ಪ ನನ್ನ ಬಕೆಟ್ಟಿನಲ್ಲಿ ಸ್ಕೂಟರ್ ತೊಳೆದಿದ್ದಾರೆ. ಗ್ರೀಸ್ ಕಲೆ ಹೋಗಿಲ್ಲ.

ಆಗಸ್ಟ್ 11, ಭಾನುವಾರ

ಎಡಗೈ ಕತ್ತರಿ ಬಂತು. ಹಿಡಿ ನೀಲಿ. ದೊಡ್ಡಮ್ಮ ಕಟಿಂಗ್ ರೂಮಿನ ಬಾಗಿಲು ಹಾಕಲಿಲ್ಲ, ನಾವು ಮೂವರೂ ಒಳಗೇ ಇದ್ದೆವು. ನಗಾರಿಯವನ ಕೋಟಿನ ಬೆನ್ನು ಮೊದಲು. ಗೆರೆ ಅಲ್ಲಲ್ಲಿ ತಪ್ಪಿತು, ಆದರೆ ಬಟ್ಟೆ ಮಡಚಲಿಲ್ಲ. ಜಗಿಯಲಿಲ್ಲ. ಕೊನೆಯವರೆಗೂ ಸದ್ದೇ ಇಲ್ಲದ ಒಂದು ಬಿಂದುವಿನ ಓಟ. ತುಂಡು ಎರಡಾದಾಗ ದೊಡ್ಡಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು ಅಂಚನ್ನು ಬಹಳ ಹೊತ್ತು ನೋಡಿದರು.

ನಾನು ಬಲಗೈಯಲ್ಲಿ ಟ್ರೈ ಮಾಡಿದೆ. ಮಡಚಿತು. ದೊಡ್ಡಪ್ಪನಿಗೂ ಮಡಚಿತು. ದೊಡ್ಡಮ್ಮನಿಗೆ ಬಹಳ ಖುಷಿ. ಇನ್ನು ಈ ಮನೆಯಲ್ಲಿ ಯಾರೂ ನನ್ನ ಕತ್ತರಿಯಲ್ಲಿ ಕಾಗದ ಕತ್ತರಿಸೋ ಹಾಗಿಲ್ಲ ಎಂದರು.

ಆಮೇಲೆ ಹಳೆಯದನ್ನು ಒರೆಸಿ ನನ್ನ ಮುಂದೆ ಇಟ್ಟರು. ಕೋಟಿನ ಒಳಗಿನ ಲೈನಿಂಗ್ ಬಟ್ಟೆ ಕತ್ತರಿಸುವುದು ಇನ್ನು ನನ್ನ ಕೆಲಸವಂತೆ, ವೈವಾಗೆ ಓದಿ ಮುಗಿಸಿದ ಮೇಲೆ.

"ಬಲಗೈ ವಾಪಸ್ ಬಂದ್ರೆ ಕೇಳಿ ಇಸ್ಕೋತೀನಿ. ಅಲ್ಲಿವರೆಗೂ ನಿಂದು. ನಿನ್ನ ಹೆಸರು ಬರ್ಕೋ, ಬಕೆಟ್ ಮೇಲೆ ಬರೆದ ಹಾಗೆ."

ಮಾರ್ಕರ್ ತಂದೆ. ಅದು ಬರೆಯಲಿಲ್ಲ. ಅಲಗಿಗೆ ಮಸಿ ಬಳಿದ ದಿನ ಮುಚ್ಚಳ ಹಾಕಲು ಮರೆತಿದ್ದೆ, ಪೂರ್ತಿ ಒಣಗಿಹೋಗಿದೆ. ದೊಡ್ಡಮ್ಮ ಬಟ್ಟೆಗೆ ಗುರುತು ಹಾಕುವ ಚಾಕ್ ಕೊಟ್ಟರು. ಕಪ್ಪು ಹಿಡಿಯ ಮೇಲೆ ಬಿಳಿಯದು ಚೆನ್ನಾಗಿಯೇ ಕಂಡಿತು. ಸಂಜೆ ಲೈನಿಂಗ್ ಕತ್ತರಿಸಿ ಮುಗಿಸುವಷ್ಟರಲ್ಲಿ ಅಂಗೈಗೆ ಹತ್ತಿ ಅಳಿಸಿಹೋಗಿತ್ತು. ನಾಳೆಯಾದರೂ ಲ್ಯಾಬಿಗೆ ಹಾಲಿನ ಪ್ಯಾಕೆಟ್ ಕತ್ತರಿ ಒಯ್ಯಬೇಕು, ಮರೆಯಬಾರದು.